ಬಲಕ್ಕೆ ಕೈಯಿಟ್ಟು ಹೇಳಿದ ವಾಯಿದೆ

ಟೇಲರ್ ಹೇಳುವ ವಾಯಿದೆಯನ್ನು ಸ್ವತಃ ಟೇಲರನೇ ನಂಬುವುದಿಲ್ಲ. ‘ಶುಕ್ರವಾರ ಬರ್ರಿ’ ಎಂದು ನಾವು ಹೇಳಿದರೆ, ಶುಕ್ರವಾರ ಬಂದಾಗ ಇನ್ನೊಂದು ದಿನದ ಹೆಸರು ಹೇಳುತ್ತೇವೆ ಎಂದು ಅರ್ಥ. ಇದು ಗಿರಾಕಿಗೂ ಗೊತ್ತಿರುತ್ತದೆ. ಅದಕ್ಕೇ ಅವನು ಲಗ್ನ ಇರುವುದಕ್ಕಿಂತ ಹದಿನೈದು ದಿನ ಮೊದಲೇ ಇದೆ ಎಂದು ಹೇಳಿ ಬಟ್ಟೆ ಕೊಟ್ಟು ಹೋಗುತ್ತಾನೆ. ಅವನ ಸುಳ್ಳಿಗೂ ನನ್ನ ಸುಳ್ಳಿಗೂ ತಾಳೆ ಬಿದ್ದು, ಲಗ್ನದ ಹಿಂದಿನ ದಿನ ಬಟ್ಟೆ ಸರಿಯಾಗಿ ಕೈ ಸೇರುತ್ತದೆ. ಇಬ್ಬರೂ ಒಂದಿಷ್ಟು ಜಗಳಾಡಿ, ಚಹಾ ಕುಡಿದು, ಸಂತೋಷದಿಂದ ಬೇರೆಯಾಗುತ್ತೇವೆ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇಷ್ಟು ವರ್ಷ ಹೀಗೆಯೇ ಸುಖವಾಗಿ ನಡೆದಿತ್ತು.

ಈಗ ಕೆಲವು ತಿಂಗಳಿನಿಂದ ನನ್ನ ವ್ಯಾಪಾರಕ್ಕೆ ಕೇಡು ಬಂದಿದೆ. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದೇನೆ. ಇದರಿಂದ ಆಗಿರುವ ಅನಾಹುತ ಒಂದೆರಡಲ್ಲ. ತೊರವಿಯ ಒಬ್ಬ ಮದುಮಗನಿಗೆ ಸೂಟು ಬಹಳ ಮುಂಚೆಯೇ ಸಿಕ್ಕಿತು. ಅವನು ಲಗ್ನದ ತನಕ ನೆಂಟರ ಮನೆಗಳಲ್ಲಿ ಹೋಳಿಗೆ ಉಂಡು, ಗುಂಡಿ ಹತ್ತದೆ, ನನ್ನ ಮೇಲೆಯೇ ಜಗಳಕ್ಕೆ ಬಂದ. ತಿಕೋಟಾದ ಗೌಡರು ಬೈಯುವುದಕ್ಕೆಂದೇ ಬಸ್ಸಿನಲ್ಲಿ ತಯಾರಾಗಿ ಬಂದಿದ್ದರು. ಕೋಟು ಗೂಟಕ್ಕೆ ತೂಗುಹಾಕಿದ್ದನ್ನು ಕಂಡು ಅವರ ಮುಖ ಸಣ್ಣದಾಯಿತು. ಬಹಳ ಹೊತ್ತು ಕುಳಿತು, ಕೊನೆಗೆ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದು ಬೈದು ಹೋದರು. ಪಕ್ಕದ ಅಂಗಡಿಯ ಟೇಲರ್ ಒಂದು ದಿನ ಬಾಗಿಲು ಅರ್ಧ ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, ‘ಇಮಾಮಭಾಯಿ, ಇದು ಚಲೋ ಅಲ್ಲರಿ. ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ’ ಎಂದು ಕೇಳಿಕೊಂಡ. ಅವನ ಗಿರಾಕಿಗಳು ನನ್ನನ್ನು ತೋರಿಸಿ ಅವನನ್ನು ಹೀಯಾಳಿಸುತ್ತಿದ್ದರಂತೆ.

ತಪ್ಪು ನನ್ನ ಬಲಗೈಯದು. ‘ಎದಿ ಮುಟ್ಟಿ ಹೇಳು, ಶುಕ್ರವಾರ ಕೊಡತೀ?’ ಎಂದು ಗಿರಾಕಿ ಕೇಳಿದ ಕೂಡಲೇ ಅದು ಎದೆಯ ಬಲಗಡೆಗೆ ಹೋಗಿ ಕೂಡುತ್ತದೆ. ಅಲ್ಲಿ ಹೋಗಿ ಕೂತಿತೆಂದರೆ ಮುಗಿಯಿತು. ಆಮೇಲೆ ಸುಳ್ಳು ಹೇಳಲು ಆಗುವುದಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ ಓದಿದವನು ನಾನು, ಇದಕ್ಕೆ ಶಾಸ್ತ್ರೀಯ ಕಾರಣ ಹೇಳಲಾರೆ. ನನ್ನ ಹೆಂಡತಿ ಮಾಲನಬಿಯ ವಿಷಯ ಹೇಳಬಲ್ಲೆ. ಅವಳು ಹೋದ ವರ್ಷ ತೀರಿಕೊಂಡಳು. ಅವಳ ಎದೆ ಬಡಿಯುತ್ತಿದ್ದುದು ಬಲಗಡೆ.

ನಮ್ಮದು ತಿಕೋಟಾದ ನದಾಫರ ಮನೆತನ. ಅಪ್ಪ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದ. ನಾನು ಹೊಲಿಗೆ ಕಲಿತು ವಿಜಾಪುರಕ್ಕೆ ಬಂದೆ. ಮಾಲನಬಿ ಬಬಲೇಶ್ವರದವಳು. ಲಗ್ನದಲ್ಲಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂಡಿಸಿದಾಗ ಯಾರೋ, ‘ಗಾದಿ ಮಗ್ಗಲಕ್ಕ ಗಜಕಟ್ಟಿಗಿ ಇಟ್ಟಂಗಾತು’ ಎಂದರಂತೆ. ನಾನು ಅಂದೂ ಇಂದೂ ಗಜಕಟ್ಟಿಗೆಯೇ. ಅವಳು ಗಾದಿಯಾಗಿಯೇ ಬಂದವಳು, ವರ್ಷವರ್ಷಕ್ಕೆ ಇನ್ನಷ್ಟು ಹತ್ತಿ ತುಂಬಿದ ಹಾಗೆ ಬೆಳೆದಳು. ತಿನ್ನುವುದು ಮಾತ್ರ ನನ್ನಷ್ಟೇ. ಒಂದು ಜೋಳದ ರೊಟ್ಟಿ ಅವಳ ಮೈಯಲ್ಲಿ ಒಂದು ತಿಂಗಳು ಉಳಿಯುತ್ತಿತ್ತು, ನನ್ನ ಮೈಯಲ್ಲಿ ಓಣಿ ದಾಟುವ ತನಕ. ನಮಗೆ ಮಕ್ಕಳಾಗಲಿಲ್ಲ. ಅವಳು ಅಂಗಡಿಯ ಬಾಗಿಲ ಕಟ್ಟೆಯ ಮೇಲೆ ಕುಳಿತು ಗುಂಡಿ, ಹುಕ್ಕು ಹಚ್ಚುತ್ತಿದ್ದಳು. ಗಾಳಿ ಬರುವ ಬಾಗಿಲು ಅದೊಂದೇ ಆದದ್ದರಿಂದ ಬೇಸಿಗೆಯಲ್ಲಿ ನಾನು ಬೆವರುತ್ತಿದ್ದೆ.

ಅವಳ ಕುಪ್ಪಸ ನಾನೇ ಹೊಲಿಯುತ್ತಿದ್ದೆ. ಒಂದು ಸಲ ಅಳತೆ ತೆಗೆಯುವಾಗ ಟೇಪು ಅವಳ ಬೆನ್ನು ಸುತ್ತಿ ಮುಂದೆ ಬಂತು, ಆದರೆ ಎರಡೂ ತುದಿ ಒಂದನ್ನೊಂದು ಮುಟ್ಟಲಿಲ್ಲ. ಅರವತ್ತು ಇಂಚಿನ ಟೇಪು ಮುಗಿದಿತ್ತು. ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ನಾನು ಆ ಜಾಗದ ಮೇಲೆ ಅಂಗೈ ಮುಚ್ಚಿ, ಅರವತ್ತು ಎಂದೆ. ಅವಳು ಕೆಳಗೆ ನೋಡಲಿಲ್ಲ. ‘ಟೇಪ್ ಹಳೇದಾಗೇತಿ, ಜಗ್ಗಿ ಜಗ್ಗಿ ಸಣ್ಣದಾಗೇತಿ. ಹೊಸಾದು ತಗೋರಿ’ ಎಂದಳು. ಇಬ್ಬರೂ ನಕ್ಕೆವು. ಆ ದಿನ ರೊಟ್ಟಿ ಮಾತ್ರ ಇಬ್ಬರಿಗೂ ಇಳಿಯಲಿಲ್ಲ.

ನಮ್ಮ ಓಣಿಯ ಟಾಂಗಾದವನಿಗೆ ಅವಳೆಂದರೆ ಒಂದು ಲೆಕ್ಕಾಚಾರ. ಅವಳನ್ನು ಹಿಂದೆ ಕೂಡಿಸಿದರೆ ಕುದುರೆಯ ಮುಂಗಾಲು ಏಳುತ್ತಿತ್ತು, ಮುಂದೆ ಕೂಡಿಸಿದರೆ ಅವನಿಗೇ ಜಾಗ ಇರುತ್ತಿರಲಿಲ್ಲ. ‘ಅಕ್ಕಾರ, ನೀವು ನಡಕ್ಕ ಕುಂಡ್ರಿ, ಮಾಸ್ತರನ್ನ ಎಲ್ಲೆರ ಸಿಗಸತೇನಿ’ ಎನ್ನುತ್ತಿದ್ದ. ಅವಳು ಅದಕ್ಕೂ ನಗುತ್ತಿದ್ದಳು. ಆದರೆ ಒಂದು ಸಲ ಬಬಲೇಶ್ವರದ ಬಸ್ಸಿಗೆ ಹತ್ತುವಾಗ ಮೆಟ್ಟಿಲ ಮೇಲೆ ಕಾಲು ಬರಲಿಲ್ಲ. ಮೇಲಿನಿಂದ ಇಬ್ಬರು ಹೆಂಗಸರು ಕೈ ಹಿಡಿದು ಎಳೆದರು. ಒಳಗಿನಿಂದ ಯಾರೋ, ‘ಟಾಪಿನ ಮ್ಯಾಲ ಏರಿಸ್ರೆಲಾ, ಹಗ್ಗ ಐತಿ’ ಎಂದ. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ನಕ್ಕು, ಇಳಿದು, ಮನೆಗೆ ಬಂದಳು. ಆಮೇಲೆ ತವರಿಗೆ ಹೋಗಲೇ ಇಲ್ಲ. ಅವಳ ತಾಯಿ ಬರುತ್ತಿದ್ದಳು. ಬರಬರುತ್ತ ಆಕೆಯ ಕಣ್ಣಿಗೂ ಪೊರೆ ಬಂತು, ಕಾಲೂ ಸೋತವು. ಒಂದೇ ಬಸ್ಸಿನ ದಾರಿಯಲ್ಲಿ ತಾಯಿ ಆ ತುದಿಗೆ, ಮಗಳು ಈ ತುದಿಗೆ. ಬಾಡಿಗೆ ಮೋಟಾರು ಮಾಡೋಣ ಎಂದರೆ ಮಾಲನಬಿ ಒಪ್ಪಲಿಲ್ಲ. ‘ಹೆಣಾ ಒಯ್ದಂಗ ಒಯ್ಯಬ್ಯಾಡ್ರಿ ನನ್ನ. ಹೋದ್ರ ನನ್ನ ಕಾಲಿಲೆ ಬಸ್ ಹತ್ತಿ ಹೋಗತೇನಿ’ ಎಂದಳು.

ಹೀಗಿರುವಾಗ ಅವಳಿಗೆ ಉಸಿರು ಸಾಲದಾಯಿತು. ಅಂಗಡಿಯಿಂದ ಮನೆಗೆ ಹೋಗುವಷ್ಟರಲ್ಲಿ ಮೂರು ಕಡೆ ಕಟ್ಟೆ ಹಿಡಿದು ಕೂಡುತ್ತಿದ್ದಳು. ಊರಿನ ಡಾಕ್ಟರ ಹತ್ತಿರ ಕರೆದೊಯ್ದೆ. ಒಳ್ಳೆಯ ವಯಸ್ಸಾದ ಡಾಕ್ಟರು. ಕೊರಳಿನ ನಳಿಗೆಯನ್ನು ಎದೆಯ ಎಡಕ್ಕಿಟ್ಟು ಕೇಳಿದರು. ಒತ್ತಿ ಕೇಳಿದರು. ಮೈ ದಪ್ಪ ಇರುವುದರಿಂದ ಸಪ್ಪಳ ಸರಿಯಾಗಿ ಬರುತ್ತಿಲ್ಲ ಎಂದು ಎಕ್ಸ್‌ರೇ ತೆಗೆಸಲು ಕಳಿಸಿದರು. ಎಕ್ಸ್‌ರೇ ಬಂತು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಉಲ್ಟಾ ಹಿಡಿದಿದ್ದೇನೆಂದು ತಿರುಗಿಸಿದರು. ತಿರುಗಿಸಿದರೆ ಅದರ ಮೂಲೆಯಲ್ಲಿದ್ದ ಅಕ್ಷರ ಉಲ್ಟಾ ಆಯಿತು. ಅಕ್ಷರ ಸರಿ ಮಾಡಿದರೆ ಎದೆ ಉಲ್ಟಾ ಆಯಿತು. ಗುರುತು ತಪ್ಪಾಗಿ ಹಾಕಿದ್ದಾನೆಂದು ಎಕ್ಸ್‌ರೇ ತೆಗೆಯುವವನನ್ನು ಕರೆಸಿ ಬೈದರು. ಅವನು ಮತ್ತೊಮ್ಮೆ ತೆಗೆದ. ಮತ್ತೆ ಹಾಗೆಯೇ.

ಡಾಕ್ಟರು ಎರಡೂ ಎಕ್ಸ್‌ರೇ ಕೆಳಗಿಟ್ಟರು. ಆಮೇಲೆ ಎದ್ದು ಬಂದು ನಳಿಗೆಯನ್ನು ಮಾಲನಬಿಯ ಎದೆಯ ಬಲಕ್ಕಿಟ್ಟರು. ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಮರೆಯಲಾರೆ. ಸಣ್ಣ ಹುಡುಗ ಬಾವಿಯಲ್ಲಿ ಚಂದ್ರನನ್ನು ಕಂಡ ಹಾಗೆ ಇತ್ತು. ಒಳಗಿನಿಂದ ತಮ್ಮ ಮನೆಯವರನ್ನು ಕರೆದರು, ಕಂಪೌಂಡರನನ್ನು ಕರೆದರು. ಕೊನೆಗೆ ನಳಿಗೆಯನ್ನು ನನ್ನ ಕಿವಿಗೇ ಹಾಕಿದರು. ‘ಕೇಳ್ರಿ ಮಾಸ್ತರ. ನಿಮ್ಮ ಮನಿಯವರ ಎದಿ ಬಲಕ್ಕ ಐತಿ. ಬರೇ ಎದಿ ಅಲ್ಲ, ಯಕೃತ್ತು ಎಡಕ್ಕ, ಜಠರ ಬಲಕ್ಕ, ಕರುಳಿನ ಸುತ್ತೂ ಆ ಕಡಿಂದ ಈ ಕಡಿಗೆ. ಕನ್ನಡ್ಯಾಗ ಕಂಡಂಗ. ಆದ್ರ ಎಲ್ಲಾ ಬರೋಬ್ಬರಿ ನಡದೈತಿ’ ಎಂದರು.

ನಾನು ಕೇಳಿದೆ. ಚಿಕ್ಕಂದಿನಲ್ಲಿ ತಿಕೋಟಾದ ಮನೆಯ ಪಡಸಾಲೆಯಲ್ಲಿ ಅಪ್ಪ ದೊಡ್ಡ ಬಿಲ್ಲು ಕಟ್ಟಿ ಹತ್ತಿ ಹಿಂಜುವಾಗ ಒಂದು ಸಪ್ಪಳ ಬರುತ್ತಿತ್ತು, ನಿದ್ದೆಯಲ್ಲೂ ಬೆನ್ನಿಗೆ ತಾಗುವಂಥದು. ಅದೇ ಸಪ್ಪಳ. ಇಷ್ಟು ವರ್ಷ ಇವಳ ಕುಪ್ಪಸಕ್ಕೆ ಅಳತೆ ತೆಗೆದಿದ್ದೇನೆ, ಹೆಗಲಿನಿಂದ ಹೆಗಲಿಗೆ, ಕಂಕುಳಿನಿಂದ ಸೊಂಟಕ್ಕೆ. ಹೊಸದಾಗಿ ಲಗ್ನವಾದಾಗ ಒಂದು ಸಲ ಎದೆಯ ಎಡಕ್ಕೆ ಕಿವಿಯಿಟ್ಟು, ಏನೂ ಕೇಳಿಸದೆ, ‘ಕಲ್ಲೆದಿಯಾಕಿ’ ಎಂದು ಚೇಷ್ಟೆ ಮಾಡಿದ್ದೂ ಉಂಟು. ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ನಾನು ಈ ಕೋಣೆಯ ಬಾಗಿಲು ತೆರೆದು ಕತ್ತಲೆ ಎಂದ ಹಾಗಾಗಿತ್ತು. ತಾಯಿಯ ಹೊಟ್ಟೆಯಲ್ಲಿ, ಯಾರೂ ನೋಡದ ಜಾಗದಲ್ಲಿ, ಒಂದೊಂದೇ ಅಂಗವನ್ನು ಈ ಕಡೆಯದನ್ನು ಆ ಕಡೆಗೆ ಇಟ್ಟು, ಒಂದೂ ಹೊಲಿಗೆ ತಪ್ಪದಂತೆ ಜೋಡಿಸಿದವನ ಕೈಯನ್ನು ನೆನೆದು ನನ್ನ ಕೈ ನೋಡಿಕೊಂಡೆ. ನಾನು ಅಂಗಿಗೆ ಒಂದು ಗುಂಡಿಪಟ್ಟಿಯನ್ನು ಕಡೆ ತಪ್ಪಿಸಿ ಹಚ್ಚಿದರೆ ಇಡೀ ಅಂಗಿ ಕೆಡುತ್ತದೆ.

ಟಾಂಗಾದಲ್ಲಿ ಮನೆಗೆ ಹೊರಟೆವು. ಗಾಂಧೀಚೌಕು ದಾಟಿದ ಮೇಲೆ ಮಾಲನಬಿ ಕೇಳಿದಳು. ‘ಹಂಗಾರ ನಾ ತಿರುವಿ ಹೊಲದಾಕಿ ಏನ್ರಿ?’

ಈ ಮಾತು ಟೇಲರನ ಹೆಂಡತಿ ಮಾತ್ರ ಕೇಳಬಲ್ಲಳು. ಟೆರಿಲಿನ್ ಬರುವ ಮೊದಲು ನಮ್ಮ ಅಂಗಡಿಗಳಲ್ಲಿ ಕೋಟು ತಿರುವುವ ಕೆಲಸ ಬಹಳ ಇರುತ್ತಿತ್ತು. ಉಣ್ಣೆಯ ಕೋಟು ಹೊರಗೆ ಬಿಸಿಲಿಗೆ ಮಾಸಿರುತ್ತದೆ, ಒಳಮೈ ಹೊಸದರ ಹಾಗೇ ಇರುತ್ತದೆ. ಹೊಲಿಗೆಯನ್ನೆಲ್ಲ ಬಿಚ್ಚಿ, ಒಳಗಿನದನ್ನು ಹೊರಗೆ ಮಾಡಿ ಮತ್ತೆ ಹೊಲಿದರೆ ಕೋಟು ಇನ್ನಷ್ಟು ವರ್ಷ ಬಾಳುತ್ತದೆ. ತೊಡಕು ಒಂದೇ. ಎಡಕ್ಕಿದ್ದ ಎದೆಯ ಜೇಬು ಬಲಕ್ಕೆ ಬರುತ್ತದೆ. ಕಚೇರಿಯಲ್ಲಿ ಎಷ್ಟು ಠೀವಿಯಿಂದ ಕುಳಿತ ಸಾಹೇಬನದಾದರೂ, ಜೇಬು ಬಲಕ್ಕಿದ್ದರೆ ಅದು ತಿರುವಿದ ಕೋಟು ಎಂದು ನಮಗೆ ದೂರದಿಂದಲೇ ಗೊತ್ತಾಗುತ್ತದೆ. ತಾನು ಯಾರೋ ತೊಟ್ಟು ಬಿಟ್ಟ ಹಳೆಯದು, ದೇವರು ತಿರುವಿ ಮತ್ತೆ ಕಳಿಸಿದ್ದಾನೆ ಎಂದು ಅವಳಿಗೆ ಅನ್ನಿಸಿತ್ತು.

ನನಗೆ ಬೇಗ ಉತ್ತರ ಹೊಳೆಯುವುದಿಲ್ಲ. ಆ ದಿನ ಹೇಗೋ ಹೊಳೆಯಿತು. ‘ಹಲ್ಕಾ ಬಟ್ಟಿ ಯಾರೂ ತಿರುವಂಗಿಲ್ಲ ಮಾಲನ್. ಬಟ್ಟಿ ಬಂಗಾರ ಇದ್ರ ಮಾತ್ರ ಅಷ್ಟ ತ್ರಾಸ ತಗೋತಾರ’ ಎಂದೆ. ಅವಳು ನನ್ನ ಕಡೆ ತಿರುಗಿ ಕುಳಿತಳು. ಟಾಂಗಾ ಒಂದು ಕಡೆ ವಾಲಿತು. ಟಾಂಗಾದವನು ಹಿಂದೆ ನೋಡದೆ, ‘ನಂಗ ಮೊದಲ ಗೊತ್ತಿತ್ರಿ. ಅಕ್ಕಾರು ಕುಂತ್ರ ಗಾಡಿ ಯಾವಾಗಲೂ ಬಲಕ್ಕ ಜಗ್ಗತಿತ್ತು’ ಎಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮರುದಿನ ಓಣಿಗೆಲ್ಲ ಗೊತ್ತಾಯಿತು.

ಹೆಂಗಸರು ಬಂದು ಅವಳ ಬಲಗಡೆಗೆ ಕೈಯಿಟ್ಟು ನೋಡಿ, ‘ಯಪ್ಪಾ’ ಎಂದು ಕೈ ಹಿಂತೆಗೆದುಕೊಳ್ಳುತ್ತಿದ್ದರು. ಮಾಲನಬಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಗತ್ತು ಬಂತು. ದಪ್ಪ ಎಂದು ನೋಡುತ್ತಿದ್ದ ಮಂದಿ ಈಗ ಬೇರೆ ಕಾರಣಕ್ಕೆ ನೋಡುತ್ತಿದ್ದರು. ಅಂಗಡಿಗೂ ಅದರಿಂದ ಉಪಯೋಗವಾಯಿತು. ನನ್ನನ್ನು ನಂಬದ, ಈ ಸುದ್ದಿ ಇನ್ನೂ ತಿಳಿಯದ ಹಳ್ಳಿಯ ಗಿರಾಕಿಗಳು, ‘ಅಕ್ಕಾರ, ನೀವರ ಎದಿ ಮುಟ್ಟಿ ಹೇಳ್ರಿ, ಶುಕ್ರವಾರ ಸಿಗತೈತಿಲ್ಲೊ?’ ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಗಂಭೀರವಾಗಿ ಎಡಗಡೆ ಎದೆ ಮುಟ್ಟಿ, ‘ಸಿಗತೈತಿ’ ಎನ್ನುತ್ತಿದ್ದಳು. ಅವರು ಓಣಿ ದಾಟಿದ ಮೇಲೆ ನನಗೆ ಹೇಳುತ್ತಿದ್ದಳು: ‘ಅಲ್ಲಿ ನನ್ನ ಎದೀನ ಇಲ್ಲ. ಪಾಪ ಹತ್ತಂಗಿಲ್ಲ.’ ಬಲಗಡೆ ಮುಟ್ಟಿ ಮಾತ್ರ ಎಂದೂ ಆಣೆ ಮಾಡಿದವಳಲ್ಲ. ಅದನ್ನು ಬೇಕಾದಾಗ ಉಪಯೋಗಿಸಲು ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು.

ಆದರೆ ಆ ಎದೆ ದಣಿದಿತ್ತು. ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದರು. ಉಲ್ಟಾ ಇರುವುದರಿಂದ ಏನೂ ತೊಂದರೆಯಿಲ್ಲ, ಭಾರದಿಂದ ತೊಂದರೆ. ಈ ಭಾರ ಇಳಿಯದಿದ್ದರೆ ಅದು ಬಹಳ ದಿನ ಎಳೆಯಲಾರದು. ಪಥ್ಯ ಮಾಡಿ ನೋಡಿದೆವು. ಅವಳು ಬರೀ ಮಜ್ಜಿಗೆ ಕುಡಿದಿದ್ದ ತಿಂಗಳಲ್ಲಿ ಅವಳ ಜೊತೆ ಕುಡಿದ ನಾನು ಇಳಿದೆ, ಅವಳು ಇಳಿಯಲಿಲ್ಲ. ಆಗ ಡಾಕ್ಟರು ಮುಂಬೈಯಲ್ಲಿ ಒಬ್ಬ ದೊಡ್ಡ ಸರ್ಜನ್ ಇದ್ದಾರೆ, ಪರದೇಶದಲ್ಲಿ ಕಲಿತು ಬಂದು ಇಂಥವರಿಗೆಂದೇ ಒಂದು ಆಪರೇಶನ್ ಮಾಡುತ್ತಿದ್ದಾರೆ ಎಂದರು. ಪತ್ರ ಬರೆದುಕೊಟ್ಟರು. ನಾನು ಬೇಡವೆಂದೆ. ಸರಿ ಇದ್ದ ಮೈಯನ್ನೇ ಕೊಯ್ಯುವುದೆಂದರೆ ಹೆದರಿಕೆ, ಇನ್ನು ಇವಳ ಮೈಯಲ್ಲಿ ಅವರು ಕೈ ಹಾಕಿದ ಕಡೆ ಏನೂ ಇರುವುದಿಲ್ಲ. ಮಾಲನಬಿ ಒಂದೇ ಪ್ರಶ್ನೆ ಕೇಳಿದಳು, ‘ಅದು ಮಾಡಿಸಿದ್ರ ಬಸ್ ಹತ್ತತೇನೇನ್ರಿ?’ ಡಾಕ್ಟರು ಹತ್ತಬಹುದು ಎಂದರು. ನಾವು ಸೊಲ್ಲಾಪುರದಲ್ಲಿ ರೈಲು ಬದಲಿಸಿ ಮುಂಬೈಗೆ ಹೋದೆವು.

ಸರ್ಜನ್ ಸಾಹೇಬರು ಧಾರವಾಡದ ಕಡೆಯವರು, ಕನ್ನಡ ಬರುತ್ತಿತ್ತು. ಅದೊಂದು ನಮ್ಮ ಪುಣ್ಯ. ಆಪರೇಶನ್ ಎಂದರೆ ಏನು ಎಂಬುದನ್ನು ನಮಗೆ ತಿಳಿಯುವ ಹಾಗೆ ಹೇಳಿದರು. ಸಣ್ಣ ಕರುಳು ಬಹಳ ಉದ್ದ ಇರುತ್ತದೆ. ತಿಂದದ್ದು ಅಷ್ಟು ದೂರ ಹೋಗುವುದರಿಂದಲೇ ಮೈಗೆ ಹತ್ತುತ್ತದೆ. ಮೇಲಿನ ಸ್ವಲ್ಪ ಭಾಗವನ್ನು ಕೆಳಗಿನ ಸ್ವಲ್ಪ ಭಾಗಕ್ಕೆ ಜೋಡಿಸಿ, ನಡುವಿನ ಉದ್ದನ್ನ ಕರುಳನ್ನು ಒಳಗೇ ಸುಮ್ಮನೆ ಬಿಡುತ್ತಾರೆ. ಕತ್ತರಿಸಿ ಬಿಸಾಡುವುದಿಲ್ಲ. ಬೇಕೆನಿಸಿದರೆ ಮುಂದೆ ಬಿಚ್ಚಿ ಮೊದಲಿನ ಹಾಗೆ ಮಾಡಬಹುದು. ನನಗೆ ಎಷ್ಟು ಸಮಾಧಾನವಾಯಿತೆಂದರೆ ನಡುವೆಯೇ ಮಾತಾಡಿಬಿಟ್ಟೆ. ಬೆಳೆಯುವ ಹುಡುಗರ ಪ್ಯಾಂಟಿಗೆ ನಾವೂ ಹಾಗೆಯೇ ಮಾಡುತ್ತೇವೆ, ಕತ್ತರಿಸದೆ ಒಳಗೆ ಮಡಿಚಿ ಹೊಲಿಗೆ ಹಾಕಿರುತ್ತೇವೆ ಎಂದೆ. ಸಾಹೇಬರು ನಕ್ಕು, ತಮ್ಮದು ಅದಕ್ಕಿಂತ ಸ್ವಲ್ಪ ತೊಡಕಿನದು ಎಂದರು. ಆಮೇಲೆ ನಗು ಬಿಟ್ಟು ಹೇಳಿದರು. ‘ನಾ ಸುಳ್ಳ ಹೇಳೂದಿಲ್ಲ. ಈ ಆಪರೇಶನ್ ಮಾಡೇನಿ. ಇಂಥಾ ಮೈಯಾಗ ಮಾಡಿಲ್ಲ. ಪುಸ್ತಕದಾಗ ಓದೇನಿ, ಅಷ್ಟ.’

ಅಲ್ಲಿ ನಾವು ಇದ್ದಷ್ಟು ದಿನವೂ ಕಲಿಯುವ ಹುಡುಗ ಹುಡುಗಿಯರು ಅವಳ ಮಂಚದ ಸುತ್ತ ನೆರೆಯುತ್ತಿದ್ದರು. ಒಬ್ಬೊಬ್ಬರೂ ಬಗ್ಗಿ ಕೇಳಿ, ಕಣ್ಣು ದೊಡ್ಡದು ಮಾಡಿ ಏಳುತ್ತಿದ್ದರು. ಅಷ್ಟು ಓದಿದವರಿಗೂ ನನ್ನ ಹಾಗೆಯೇ ಆಗುತ್ತದಲ್ಲ ಎಂದು ನನಗೆ ಸಂತೋಷವಾಗುತ್ತಿತ್ತು. ಸರ್ಜನ್ ಸಾಹೇಬರನ್ನು ಒಮ್ಮೆ ವರಾಂಡದ ತುದಿಯಲ್ಲಿ ಕಂಡೆ. ಒಬ್ಬರೇ ನಿಂತಿದ್ದರು. ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಒಂದು ಸಲ ಈ ಕಡೆಯಿಂದ, ತಪ್ಪಿತೆಂದು ನಿಲ್ಲಿಸಿ, ಜಾಗ ಬದಲಿಸಿ ನಿಂತು, ಆ ಕಡೆಯಿಂದ. ಇಲ್ಲದ ಮೈಯಲ್ಲಿ ಇಲ್ಲದ ಕರುಳನ್ನು ಹುಡುಕುತ್ತಿದ್ದರು. ಬೆಲೆಬಾಳುವ ಬಟ್ಟೆ ಕೈಗೆ ಬಂದಾಗ ನಾನೂ ಕತ್ತರಿ ಹಾಕುವ ಮೊದಲು ಗಾಳಿಯಲ್ಲಿ ಹೀಗೇ ಕತ್ತರಿ ಆಡಿಸುತ್ತೇನೆ. ಆದರೆ ನನ್ನ ತಪ್ಪಿಗೆ ಒಂದು ಗಜ ಬಟ್ಟೆ ಹೋಗುತ್ತದೆ. ನಾನು ಅವರ ಕಣ್ಣಿಗೆ ಬೀಳದೆ ಹಿಂದೆ ಸರಿದೆ.

ಆಪರೇಶನ್ನಿನ ಹಿಂದಿನ ಸಂಜೆ ಅವರು ಮಂಚದ ಹತ್ತಿರ ಬಂದಾಗ ಮಾಲನಬಿ ಅವರನ್ನು ನಿಲ್ಲಿಸಿದಳು.

‘ಸಾಹೇಬ್ರ, ಎದಿ ಮುಟ್ಟಿ ಹೇಳ್ರಿ. ಬಬಲೇಶ್ವರದ ಬಸ್ ಹತ್ತತೇನಿಲ್ಲೊ?’

ಅವರು ತಮ್ಮ ಎಡಗಡೆಗೆ ಕೈಯಿಟ್ಟರು.

‘ಅಲ್ಲಿ ಬ್ಯಾಡ್ರಿ. ನನ್ನ ಕಡಿ ಇಡ್ರಿ. ನಾಳೆ ಕೈಗಿ ರೂಢಿ ಆಗಬೇಕಲ್ಲ.’

ಸಾಹೇಬರ ಕೈ ನಿಧಾನವಾಗಿ ಅವರ ಎದೆಯ ಬಲಕ್ಕೆ ಸರಿಯಿತು. ‘ಹತ್ತತೀರಿ’ ಎಂದರು. ಅವರ ದನಿ ನನಗೆ ಗಿರಾಕಿಗೆ ಹೇಳುವ ದನಿಯಾಗಿ ಕೇಳಲಿಲ್ಲ. ಮರುದಿನ ನಾನು ಹೊರಗಿನ ಬಾಕಿನ ಮೇಲೆ ಕುಳಿತು, ನನಗೆ ತಿಳಿಯದೆಯೇ ನನ್ನ ಎದೆಯ ಬಲಗಡೆ ಹಿಡಿದುಕೊಂಡಿದ್ದೆ. ಒಬ್ಬ ನರ್ಸಮ್ಮ ಬಂದು, ‘ಬಾಬಾ, ನೋವು ಅಲ್ಲಿದ್ದರೆ ಹೆದರಬೇಡಿ, ಎದೆ ಈ ಕಡೆ ಇರುತ್ತದೆ’ ಎಂದು ಮರಾಠಿಯಲ್ಲಿ ಧೈರ್ಯ ಹೇಳಿ ಹೋದಳು.

ಸಾಹೇಬರು ಹೊರಗೆ ಬಂದಾಗ ಬಹಳ ದಣಿದಿದ್ದರು. ನನ್ನನ್ನು ನೋಡಿ ತಮ್ಮ ಬಲಗಡೆ ಎದೆ ತಟ್ಟಿ ತೋರಿಸಿದರು.

ಮುಂದಿನ ಎರಡು ವರ್ಷ ನನಗೆ ಅವಳ ಕುಪ್ಪಸ ಒಳಗೆ ಹಿಡಿದು ಸಣ್ಣದು ಮಾಡುವುದೇ ಕೆಲಸವಾಯಿತು. ಆಪರೇಶನ್ ಆದವರ ಹೊಟ್ಟೆ ಹೇಳಿದ ಮಾತು ಕೇಳುವುದಿಲ್ಲ, ಅವಳು ದಿನಕ್ಕೆ ಎಷ್ಟೋ ಸಲ ಹಿತ್ತಲಿಗೆ ಓಡಬೇಕಾಗುತ್ತಿತ್ತು. ‘ಮೊದಲ ನಡಿಯಾಕ ಬರ್ತಿದ್ದಿಲ್ಲ, ಈಗ ನೋಡ್ರಿ, ಓಡಾಕತ್ತೇನಿ’ ಎನ್ನುತ್ತಿದ್ದಳು. ಟೇಪಿನ ತುದಿಗಳು ಒಂದು ದಿನ ಮುಟ್ಟಿದವು, ಆಮೇಲೆ ಒಂದರ ಮೇಲೊಂದು ಬಂದವು. ಪ್ರತಿ ಸಲ ನಾನು ಹೊಲಿಗೆ ಒಳಗೆ ತೆಗೆದುಕೊಳ್ಳುತ್ತಿದ್ದೆ, ಹೆಚ್ಚಾದ ಬಟ್ಟೆ ಕತ್ತರಿಸುತ್ತಿರಲಿಲ್ಲ. ಯಾವ ಟೇಲರನೂ ಕತ್ತರಿಸುವುದಿಲ್ಲ, ಮತ್ತೆ ಬೇಕಾಗಬಹುದು. ಕೊನೆಗೆ ಕುಪ್ಪಸದ ಒಳಗೆ ಹೊರಗಿಗಿಂತ ಹೆಚ್ಚು ಬಟ್ಟೆ ಇತ್ತು. ಬಗಲಿಗೆ ಒತ್ತುತ್ತದೆ ಎಂದು ಅವಳು ತಕರಾರು ಮಾಡಿದರೂ ನಾನು ಕೇಳಲಿಲ್ಲ.

ಬಬಲೇಶ್ವರದ ಬಸ್ಸು ಹತ್ತಿದ ದಿನ ಅವಳು ಮೆಟ್ಟಿಲ ಮುಂದೆ ಒಂದು ಕ್ಷಣ ನಿಂತಳು. ನಾನು ಹಿಂದೆ ನಿಂತು ಅವಳ ಕಾಲನ್ನೇ ನೋಡುತ್ತಿದ್ದೆ. ಎಡಗಾಲು ಮೊದಲು ಇಟ್ಟಳು. ಅವಳ ಲೆಕ್ಕಕ್ಕೆ ಅದೇ ಬಲಗಾಲು ಇರಬೇಕು. ಹತ್ತಿದಳು. ಕಂಡಕ್ಟರ್ ಅವಳ ಕಡೆ ಸರಿಯಾಗಿ ನೋಡಲೂ ಇಲ್ಲ. ‘ಮುಂದ ಸರೀಬೇ ಯಕ್ಕಾ, ಜಾಗಾ ಐತ್ಯಲ್ಲ’ ಎಂದು ಗದರಿದ. ಮಾಲನಬಿ ಹಿಂತಿರುಗಿ ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು. ‘ಕೇಳಿದ್ರೇನ್ರಿ? ಜಾಗಾ ಐತಿ ಅಂದ’ ಎಂದಳು.

ತವರಿನಲ್ಲಿ ಅವಳ ತಾಯಿ ಹೊರಸಿನ ಮೇಲೆ ಮಲಗಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ಮಗಳ ತೋಳು ಮುಟ್ಟಿ ನೋಡಿ, ಕೈ ಬಿಟ್ಟು, ‘ಇಕಿ ನನ್ನ ಮಗಳಲ್ಲ. ಯಾರನ್ನ ಕರಕೊಂಡ ಬಂದೀಯಪಾ?’ ಎಂದು ನನ್ನನ್ನು ಕೇಳಿದಳು. ದನಿಯೂ ಮೈ ಇಳಿದ ಮೇಲೆ ಬದಲಾಗಿತ್ತು. ಮಾಲನಬಿ ಬಗ್ಗಿ, ತಾಯಿಯ ಕೈಯನ್ನು ಹಿಡಿದು ತನ್ನ ಎದೆಯ ಬಲಕ್ಕೆ ಇಟ್ಟುಕೊಂಡಳು. ಮುದುಕಿ ಉಸಿರು ಬಿಗಿಹಿಡಿದು ಕೇಳುವವಳ ಹಾಗೆ ಕುತ್ತಿಗೆ ವಾರೆ ಮಾಡಿದಳು. ‘ಕೂಸಿದ್ದಾಗ ಎಡಕ್ಕ ಹಾಕ್ಕೊಂಡ್ರ ಅಳತಿತ್ತು, ಬಲಕ್ಕ ಹಾಕ್ಕೊಂಡ್ರ ಸುಮ್ಮ ಆಗತಿತ್ತು. ಯಾಕಂತ ಆವಾಗ ತಿಳೀಲಿಲ್ಲ’ ಎಂದಳು. ಆಮೇಲೆ ಕೈ ತೆಗೆಯಲೇ ಇಲ್ಲ. ಮೈಯೆಲ್ಲ ಬದಲಾದರೂ ಬದಲಾಗದ ಒಂದು ಗುರುತನ್ನು ಆ ಕಣ್ಣು ಕಾಣದವಳ ಕೈ ಇಟ್ಟುಕೊಂಡಿತ್ತು. ನಾನು ಎದ್ದು ಅಂಗಳಕ್ಕೆ ಹೋಗಿ, ಬಹಳ ಹೊತ್ತು ಅವರ ಆಡಿನ ಜೊತೆ ನಿಂತಿದ್ದೆ.

ತಾಯಿ ಹೋದ ಮೇಲೂ ಮಾಲನಬಿ ಅದೇ ಬಸ್ಸಿನಲ್ಲಿ ಸುಮ್ಮಸುಮ್ಮನೆ ಬಬಲೇಶ್ವರಕ್ಕೆ ಹೋಗಿಬರುತ್ತಿದ್ದಳು. ಹೋದ ವರ್ಷ ಒಂದು ಜ್ವರ ಬಂತು. ಕೆಲವೇ ದಿನಗಳಲ್ಲಿ ಮುಗಿಯಿತು. ಆ ಆಪರೇಶನ್ನಿಗೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಡಾಕ್ಟರಿಗೂ ಗೊತ್ತಿರಲಿಲ್ಲ. ಅವರು ಕೊನೆಯಲ್ಲಿ ಅಭ್ಯಾಸದಂತೆ ನಳಿಗೆಯನ್ನು ಎಡಕ್ಕಿಟ್ಟರು. ಅಲ್ಲಿ ಏನೂ ಕೇಳಿಸದಿದ್ದಾಗ ನನಗೊಂದು ಆಸೆ ಹುಟ್ಟಿತು. ಅವರೂ ನೆನಪಾಗಿ ಬಲಕ್ಕಿಟ್ಟರು. ಅವರ ಮುಖ ನೋಡಿದೆ. ಈ ಸಲ ಬಾವಿಯಲ್ಲಿ ಚಂದ್ರ ಇರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡುವಾಗ ಬಲಮಗ್ಗುಲಾಗಿ ಮಲಗಿಸುತ್ತಾರೆ. ಎಲ್ಲರ ಎದೆಯೂ ಆಗ ಮೇಲ್ಗಡೆಗೆ ಬರುತ್ತದೆ. ಅವಳದು ಒಂದೇ ನೆಲಕ್ಕೆ ಒರಗಿ ಮಲಗಿತು. ಮೇಲೆ ನಿಂತು ಹಿಡಿ ಮಣ್ಣು ಹಾಕುವಾಗ ನನಗೆ ಇದು ಹೊಳೆಯಿತು. ಭೂಮಿಗೆ ಕಿವಿಯಿದ್ದರೆ ಕೇಳಲು ಅದಕ್ಕಿಂತ ಒಳ್ಳೆಯ ರೀತಿ ಇಲ್ಲ.

ಆಮೇಲೆ ಅಂಗಡಿ ತೆರೆದಾಗ ಮೊದಲು ಬಂದವರು ತಿಕೋಟಾದ ಗೌಡರು. ಮಾಲನಬಿಯ ವಿಷಯ ಎರಡು ಮಾತು ಆಡಿ, ಕಟ್ಟೆಯ ಮೇಲಿನ ಖಾಲಿ ಜಾಗ ನೋಡಿ, ಕೋಟಿನ ಬಟ್ಟೆ ಮುಂದೆ ಇಟ್ಟರು. ‘ಎದಿ ಮುಟ್ಟಿ ಹೇಳು ಇಮಾಮ, ಯಾವಾಗ ಕೊಡತೀ?’ ಎಂದರು, ಹಳೆಯ ರೂಢಿಯಂತೆ. ನನ್ನ ಕೈ ಬಲಕ್ಕೆ ಹೋಯಿತು. ಶುಕ್ರವಾರ ಎಂದೆ. ಅವಳು ಬಲಗಡೆ ಮುಟ್ಟಿ ಎಂದೂ ಸುಳ್ಳು ಹೇಳಿದವಳಲ್ಲ. ಸರ್ಜನ್ ಸಾಹೇಬರೂ ಅಲ್ಲಿ ಕೈಯಿಟ್ಟು ಕೊಟ್ಟ ಮಾತು ಉಳಿಸಿಕೊಂಡರು. ನಾನೊಬ್ಬ ಟೇಲರ್ ಅದನ್ನು ಮುರಿಯುವುದು ಹೇಗೆ? ಶುಕ್ರವಾರ ಕೋಟು ತಯಾರಿತ್ತು. ಗೌಡರು ಚಹಾಕ್ಕೆ ಬೈದು ಹೋದದ್ದನ್ನು ಮೊದಲೇ ಹೇಳಿದ್ದೇನೆ. ಸುದ್ದಿ ಹಬ್ಬಿತು. ಈಗ ಅರಕೇರಿಯಿಂದ ಬರುವವರೂ, ‘ಮಾಸ್ತರ, ಬಲಕ್ಕ ಕೈಯಿಟ್ಟು ಹೇಳ್ರಿ’ ಎಂದೇ ಕೇಳುತ್ತಾರೆ. ಕೆಲಸ ಮಾಡಿ ಮಾಡಿ ನಾನು ಗಜಕಟ್ಟಿಗೆಯಿಂದ ಸೂಜಿಯಾಗಿದ್ದೇನೆ.

ಇತ್ತೀಚೆಗೆ ಗೌಡರು ಮತ್ತೆ ಬಂದರು. ಮೊಮ್ಮಗನಿಗೆ ಬೆಲ್‌ಬಾಟಮ್ ಬೇಕಾಗಿತ್ತು. ನನಗೆ ಬಹಳ ದಣಿವಾಗಿತ್ತು. ಒಂದು ಸಲವಾದರೂ ಹಳೆಯ ಹಾಗೆ ಸುಳ್ಳು ವಾಯಿದೆ ಹೇಳೋಣವೆಂದು ನಿಶ್ಚಯಿಸಿ, ಕೈಯನ್ನು ಬೇಕೆಂದೇ ಹಿಡಿದು ಎಡಗಡೆಗೆ ಇಟ್ಟೆ. ಇಟ್ಟವನು ಬೆಚ್ಚಿದೆ. ಅಲ್ಲಿ ಏನೋ ಬಡಿದುಕೊಳ್ಳುತ್ತಿತ್ತು. ಇಷ್ಟು ದಿನ ಆ ಕಡೆ ಹೋಗಿಯೇ ಇರಲಿಲ್ಲವಾದ್ದರಿಂದ ಯಾರದು ಎಂದು ಒಂದು ಕ್ಷಣ ತಿಳಿಯಲಿಲ್ಲ. ನನ್ನದೇ ಇರಬೇಕು.

‘ಶುಕ್ರವಾರ’ ಎಂದೆ.

ಕೊಟ್ಟದ್ದು ಅದರ ಮುಂದಿನ ಮಂಗಳವಾರ. ಗೌಡರು ಅಂಗಡಿಯ ಮುಂದೆ ನಿಂತು, ನನ್ನನ್ನು, ನನ್ನ ಅಪ್ಪನನ್ನು, ಇಡೀ ವಿಜಾಪುರದ ಟೇಲರುಗಳನ್ನು ಬಾಯಿ ನೋಯುವ ತನಕ ಬೈದರು. ಬೈದು ಒಳಗೆ ಬಂದು ಕುಳಿತು, ಎರಡು ಕಪ್ಪು ಚಹಾ ಕುಡಿದರು. ಸಕ್ಕರೆ ಸರಿಯಾಗಿದೆ ಎಂದರು.